ಇಂಗ್ಲಿಷಿನ ‘ನೀನು’ ಎಲ್ಲಿ ಹೋಯಿತು?

ಎದುರಿಗೆ ಒಬ್ಬನೇ ನಿಂತಿದ್ದರೂ ಇಂಗ್ಲಿಷಿನಲ್ಲಿ ‘ಯು ಆರ್’ ಎನ್ನಬೇಕು. ‘ಯು ಈಸ್’ ಎಂದರೆ ತಪ್ಪು. ಶಾಲೆಯ ಮಕ್ಕಳು ಇದನ್ನು ಕಾರಣ ಕೇಳದೆ ಬಾಯಿಪಾಠ ಮಾಡುತ್ತಾರೆ. ಕಾರಣ ಇಷ್ಟೇ: ‘ಯು’ ಎಂಬುದು ಮೂಲತಃ ಬಹುವಚನ. ‘ನೀನು’ ಎನ್ನಲು ಇಂಗ್ಲಿಷಿನಲ್ಲಿ ‘ದೌ’ ಎಂಬ ಬೇರೆ ಪದವೇ ಇತ್ತು. ‘ನಿನ್ನನ್ನು’ ಎನ್ನಲು ‘ದೀ’. ‘ನೀವು’ ಎಂಬುದಕ್ಕೆ ‘ಯೀ’, ‘ನಿಮ್ಮನ್ನು’ ಎಂಬುದಕ್ಕೆ ‘ಯು’. 1611ರ ಇಂಗ್ಲಿಷ್ ಬೈಬಲಿನಲ್ಲಿ ಈ ವ್ಯತ್ಯಾಸವನ್ನು ಕಾಣಬಹುದು.

ಹಳೆಯ ಇಂಗ್ಲಿಷಿನಲ್ಲಿ ಇದು ಬರಿಯ ಎಣಿಕೆಯ ಮಾತಾಗಿತ್ತು. ಅರಸನಾದರೂ ಒಬ್ಬನೇ ಆದರೆ ಅವನಿಗೂ ಏಕವಚನವೇ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮರ್ಯಾದೆ ಮೆಲ್ಲಗೆ ಭಾಷೆಯೊಳಗೆ ಇಳಿಯಿತು. ದೊಡ್ಡವರಿಗೆ ಬಹುವಚನ ಸಲ್ಲತೊಡಗಿತು. ‘ದೌ’ ಆಳುಗಳಿಗೆ, ಮಕ್ಕಳಿಗೆ, ಆಪ್ತರಿಗೆ, ಹಗೆಗಳಿಗೆ ಉಳಿಯಿತು. ದೇವರಿಗೂ ಅದೇ, ದಾಸರು ವಿಠಲನನ್ನು ‘ನೀನು’ ಎಂದು ಕರೆದದ್ದನ್ನು ಬಲ್ಲ ಕನ್ನಡಿಗರಿಗೆ ಇದು ವಿಚಿತ್ರವೆನಿಸದು.

‘ಏಕವಚನದಲ್ಲಿ ಬೈದರು’ ಎಂಬ ನಮ್ಮ ಮಾತಿಗೆ ಅಲ್ಲಿಯೂ ಅರ್ಥವಿತ್ತು. 1603ರಲ್ಲಿ ಸರ್ ವಾಲ್ಟರ್ ರಾಲಿಯ ಮೇಲೆ ರಾಜದ್ರೋಹದ ವಿಚಾರಣೆ ನಡೆದಾಗ ಸರ್ಕಾರಿ ವಕೀಲ ಎಡ್ವರ್ಡ್ ಕೋಕ್, ತುಂಬಿದ ನ್ಯಾಯಾಲಯದಲ್ಲಿ ಆ ಸರದಾರನನ್ನು ಬೇಕೆಂದೇ ‘ದೌ’ ಎಂದು ಹೀಯಾಳಿಸಿದ.

ಇಂಥ ಕಾಲದಲ್ಲಿ, 17ನೆಯ ಶತಮಾನದ ನಡುವೆ, ಜಾರ್ಜ್ ಫಾಕ್ಸ್ ಮತ್ತು ಅವನ ಕ್ವೇಕರ್ ಅನುಯಾಯಿಗಳು ಎಲ್ಲರನ್ನೂ ‘ದೌ’ ಎಂದೇ ಕರೆಯಲು ಹೊರಟರು. ಒಬ್ಬನನ್ನು ಹಲವರೆಂಬಂತೆ ಮಾತನಾಡಿಸುವುದು ಸುಳ್ಳು ಮತ್ತು ಮುಖಸ್ತುತಿ ಎಂಬುದು ಅವರ ವಾದ. ವ್ಯಾಕರಣ ಅವರ ಕಡೆಗಿತ್ತು, ಸಮಾಜ ಇರಲಿಲ್ಲ. ನ್ಯಾಯಾಧೀಶರ ಮುಂದೆ ಟೋಪಿ ತೆಗೆಯದೆ ನಿಂತು ‘ನೀನು’ ಎಂದವರಿಗೆ ಏನು ಕಾದಿತ್ತೆಂಬುದನ್ನು ಊಹಿಸಬಹುದು. ಥಾಮಸ್ ಎಲ್‌ವುಡ್ ಎಂಬ ತರುಣ ತಂದೆಯನ್ನೇ ಹಾಗೆ ಕರೆದು ಪೆಟ್ಟು ತಿಂದ. (ಮುಂದೆ ಕುರುಡ ಕವಿ ಮಿಲ್ಟನ್ನನಿಗೆ ಲ್ಯಾಟಿನ್ ಗ್ರಂಥಗಳನ್ನು ಓದಿ ಹೇಳಿದವನು ಇವನೇ.) 1660ರಲ್ಲಿ ಫಾಕ್ಸ್ ಇಬ್ಬರು ಸಂಗಡಿಗರೊಡನೆ ಒಂದು ಪುಸ್ತಕವನ್ನೇ ಹೊರತಂದ. ಹಲವು ಭಾಷೆಗಳಿಂದ ಉದಾಹರಣೆ ಕೊಟ್ಟು, ಏಕವಚನ ಬಹುವಚನಗಳ ಭೇದ ತಿಳಿಯದ ಪಂಡಿತರಿಗೆ ಮಕ್ಕಳ ಪಾಠ ಹೇಳುವ ಪುಸ್ತಕ ಅದು.

ಆದರೂ ಗೆದ್ದದ್ದು ‘ಯು’. ಮರ್ಯಾದೆ ತಪ್ಪೀತೆಂಬ ಅಂಜಿಕೆಯಿಂದ ಜನ ಎಲ್ಲರಿಗೂ ಅದನ್ನೇ ಬಳಸಿದರು. ‘ಯೀ’ಯನ್ನೂ ಅದು ನುಂಗಿತು. 18ನೆಯ ಶತಮಾನದಲ್ಲಿ ಒಬ್ಬನಿಗೆ ‘ಯು ವಾಸ್’ ಎಂದು ಹೇಳಿ ಹಳೆಯ ಭೇದವನ್ನು ಉಳಿಸಿಕೊಳ್ಳುವ ರೂಢಿಯೂ ಬೆಳೆದಿತ್ತು. ಅದರಲ್ಲಿ ವಿವೇಕವಿತ್ತು. 1762ರಲ್ಲಿ ರಾಬರ್ಟ್ ಲೌತ್ ತನ್ನ ವ್ಯಾಕರಣದಲ್ಲಿ ಅದನ್ನು ತಪ್ಪೆಂದು ಸಾರಿದ. ಶಾಲೆಗಳು ಲೌತನ ಮಾತನ್ನೇ ನಂಬಿದವು.

1795ರಲ್ಲಿ ಬಂದು ಇಂಗ್ಲಿಷ್ ಜಗತ್ತನ್ನೆಲ್ಲ ಆಳಿದ ವ್ಯಾಕರಣವನ್ನು ಬರೆದ ಲಿಂಡ್ಲಿ ಮರ್ರೆಯೂ ಕ್ವೇಕರ್. ಅವನ ಕೋಷ್ಟಕಗಳಲ್ಲಿ ‘ದೌ’ ತನ್ನ ಸ್ಥಾನದಲ್ಲೇ ಇದೆ. ಆದರೆ ಬಾಯಿಮಾತಿನಲ್ಲಿ ಅನೇಕ ಕ್ವೇಕರರೇ ‘ದೌ’ ಬಿಟ್ಟು, ಕರ್ತೃವಿನ ಜಾಗಕ್ಕೂ ಕರ್ಮರೂಪವಾದ ‘ದೀ’ಯನ್ನು ತಂದು ‘ದೀ ಈಸ್’ ಎನ್ನತೊಡಗಿದ್ದರು. ಇತ್ತ, ಬಹುವಚನವನ್ನೆಲ್ಲ ಗೌರವಕ್ಕೆ ಕೊಟ್ಟು ಕೈ ಖಾಲಿ ಮಾಡಿಕೊಂಡ ಉಳಿದವರು, ಹಲವರನ್ನು ಕರೆಯಲು ಹೊಸ ರೂಪಗಳನ್ನು ಹುಡುಕಬೇಕಾಯಿತು. ಅಮೆರಿಕದ ದಕ್ಷಿಣದವರ ‘ಯಾಲ್’ ಹುಟ್ಟಿದ್ದು ಹಾಗೆ.