ಟಿಕೇಟಿನ ರೊಕ್ಕ ಯಾರು ಕೊಡಬೇಕು?

ಟಿಕೇಟು ಅಂದ್ರ ಬಸ್ಸಿಂದಲ್ಲ ಮತ್ತ, ಟಪಾಲಿಂದು. ಸ್ಟಾಂಪಿಗೆ ನಮ್ಮಜ್ಜಿ ಹಂಗ ಅಂತಿದ್ದಳು. ಈಗ ದಿನಕ್ಕ ಹತ್ತು ಸಲ ಫೋನಿನ್ಯಾಗ ‘ಊಟ ಆತೇನ?’ ಅಂತ ಕೇಳೋ ನಮಗ, ಒಂದು ಪತ್ರದ ರೊಕ್ಕ ಯಾರು ಕೊಡಬೇಕು ಅನ್ನೋದು ಒಂದು ಕಾಲಕ್ಕ ಭಾಳ ದೊಡ್ಡ ಮಾತಾಗಿತ್ತು ಅಂದ್ರ ನಂಬಿಕಿ ಬರೂದಿಲ್ಲ.

1840ಕ್ಕಿಂತ ಮೊದಲ ಇಂಗ್ಲಂಡಿನ್ಯಾಗ ಸಾಮಾನ್ಯವಾಗಿ ಪತ್ರ ತಗೊಂಡವರೇ ರೊಕ್ಕ ಕೊಡತಿದ್ರು. ಊರು ಎಷ್ಟು ದೂರ, ಒಳಗ ಹಾಳಿ ಎಷ್ಟು ಅಂತ ಎಣಿಸಿ ದರ ಹೇಳತಿದ್ರು. ಕವಿ ಕೋಲ್‌ರಿಜ್ ಹೇಳಿದ ಒಂದು ಸಂಗತಿ ಅದ. ಒಬ್ಬ ಬಡ ಹೆಣ್ಣಮಗಳ ಬಾಗಲಿಗೆ ಟಪಾಲಿನವ ಬಂದು ಒಂದು ಶಿಲಿಂಗ್ ಕೇಳಿದ. ಆಕಿ ಪತ್ರ ನೋಡಿ ‘ಬ್ಯಾಡ’ ಅಂದಳು. ಪಾಪ ಅಂತ ಕೋಲ್‌ರಿಜ್ ತಾನೇ ರೊಕ್ಕ ಕೊಟ್ಟು ಬಿಡಿಸಿಕೊಟ್ಟ. ಟಪಾಲಿನವ ಆ ಕಡೆ ಹೋದಮ್ಯಾಲೆ ಆಕಿ ಪತ್ರ ಬಿಚ್ಚಿ ತೋರಿಸಿದ್ರ ಒಳಗ ಬರೇ ಖಾಲಿ ಹಾಳಿ! ಅಣ್ಣ-ತಂಗಿ ಮೊದಲೇ ಮಾತಾಡಿಕೊಂಡಿದ್ರಂತ: ಅಣ್ಣ ಆರಾಮ ಇದ್ರ ಮೂರು ತಿಂಗಳಿಗೊಮ್ಮೆ ಖಾಲಿ ಹಾಳಿ ಕಳಸೂದು, ಈಕಿ ಹೊರಗಿಂದ ನೋಡಿ ತಿರುಗಿ ಕಳಸೂದು.

ರೋಲಂಡ್ ಹಿಲ್ ಇದನ್ನೆಲ್ಲಾ ನೋಡಿ, ಕಳಸವರೇ ಮೊದಲ ರೊಕ್ಕ ಕೊಡಲಿ, ದೂರ ಎಷ್ಟಿದ್ರೂ ಅರ್ಧ ಔನ್ಸಿಗೆ ಒಂದು ಪೆನ್ನಿ ಸಾಕು ಅಂತ ಪಟ್ಟು ಹಿಡಿದ. 1840ರ ಮೇ 6ಕ್ಕ ವಿಕ್ಟೋರಿಯಾ ರಾಣಿ ಮುಖದ ಕರೀ ಟಿಕೇಟು ಚಾಲ್ತಿಗೆ ಬಂತು. ಅಂಚಿಗೆ ತೂತಿಲ್ಲ, ಕತ್ತರಿಲೆ ಕತ್ತರಿಸಬೇಕು. ಅದರ ಮ್ಯಾಲೆ ಕೆಂಪು ಮಸಿ ಠಸ್ಸೆ ಹೊಡದ್ರ ಮಂದಿ ತೊಳದು ಮತ್ತ ಹಚ್ಚಲಿಕ್ಕೆ ಶುರು ಮಾಡಿದ್ರು! ಉಳಿತಾಯದ ಬುದ್ಧಿ ಎಲ್ಲಾ ಊರಾಗೂ ಒಂದೇ. 1841ರಾಗ ಟಿಕೇಟು ಕೆಂಪು ಮಾಡಿ ಮಸಿ ಕರೀದು ಮಾಡಿದ್ರು.

ನಮ್ಮ ಕಡೆ 1852ರಾಗ ಸಿಂಧ್ ಪ್ರಾಂತದಾಗ ಅರಗಿನಂಥ ಕೆಂಪು ಬಿಲ್ಲೆ ಮಾಡಿದ್ರು. ಅದು ಹಪ್ಪಳದಂಗ ಮುರೀತಿತ್ತು. 1854ರಾಗ ಬ್ರಿಟಿಷ್ ಇಂಡಿಯಾಕ್ಕೆಲ್ಲಾ ಒಂದೇ ದರ ಬಂತು: ಕಾಲು ತೊಲಿ ಪತ್ರಕ್ಕ ಅರ್ಧ ಆಣೆ. ಟಿಕೇಟು ಹಚ್ಚದ ಪತ್ರ ಬಂದ್ರ ಅದು ‘ಬೇರಿಂಗ್’, ತಗೊಳ್ಳವರು ಎರಡು ಪಟ್ಟು ಕೊಡಬೇಕು.

ಈ ಬೇರಿಂಗ್ ನಮ್ಮ ಮನ್ಯಾಗ ಕಣ್ಣೀರು ಹಾಕಿಸೇದ. ಅಜ್ಜಿಯ ತಂಗೀನ್ನ ಬಾರ್ಶಿಗೆ ಕೊಟ್ಟಿದ್ರು. ಅತ್ತಿ ಮನ್ಯಾಗ ಆಕಿ ಕೈಯಾಗ ಒಂದು ದುಡ್ಡು ಬೀಳತಿರಲಿಲ್ಲ. ಹಂಗಾಗಿ ಬೇರಿಂಗ್ ಪತ್ರ ಹಾಕತಿದ್ದಳು. ಅಣ್ಣ ಸುಮ್ಮನ ಬಿಡಿಸಿಕೊಳ್ಳತಿದ್ದ. ಒಮ್ಮೆ ಅಣ್ಣ ಮನ್ಯಾಗಿರಲಿಲ್ಲ, ವೈನಿ ‘ಯಾಕ ಸುಮ್ಮನ ರೊಕ್ಕ ದಂಡ’ ಅಂತ ತಿರುಗಿ ಕಳಿಸಿಬಿಟ್ರು. ಬ್ಯಾಡಂದ ಪತ್ರ ಬರದವರ ಮನೀಗೇ ಹೋಗ್ತದಲ್ಲ! ಬಾರ್ಶ್ಯಾಗ ಮಾವನ ಕೈಗೆ ಬಿತ್ತು. ಅವರು ರೊಕ್ಕ ತೆತ್ತು, ಒಡದು ಓದಿದ್ರು. ಆರು ತಿಂಗಳು ಆಕಿ ಸುದ್ದಿ ಇಲ್ಲ. ವೈನೀದು ತಪ್ಪು ಅಂತ ನಾ ಪೂರ್ತಿ ಹೇಳಲಾರೆ, ಆ ಮನ್ಯಾಗೂ ದುಡ್ಡು ಎಣಿಸೇ ಖರ್ಚು ಮಾಡತಿದ್ರು.

ಆವತ್ತಿಂದ ಅಜ್ಜಿ ಒಂದು ಪದ್ಧತಿ ಇಟಗೊಂಡಳು. ಮಜ್ಜಿಗಿ ಮಾರಿದ ರೊಕ್ಕದಾಗ ಟಿಕೇಟು ತಗೊಂಡು, ಬಾರ್ಶಿ ಕಡೆ ಹೋಗವರು ಸಿಕ್ರ ಉಂಡಿ ಡಬ್ಬಿಯ ಕೆಳಗ, ಹಾಳಿ ಮಡಚಿ ಇಟ್ಟು ಕಳಸತಿದ್ದಳು. ಮಳಿಗಾಲಕ್ಕ ಅವು ಒಂದಕ್ಕೊಂದು ಅಂಟಿಕೋತಿದ್ವಂತ. ಆಕಿ ನೀರಾಗ ಬಿಡಿಸಿ, ಒಣಗಿಸಿ, ಅನ್ನದ ಅಗುಳು ತಿಕ್ಕಿ ಹಚ್ಚತಿದ್ದಳು.

ಟಿಕೇಟಿನ ಹಂಗ ಊರು ಮುಟ್ಟೂತನಾ ಅಂಟಿಕೊಂಡಿರಬೇಕು ಅಂತ ಹೆಣ್ಣಮಕ್ಕಳಿಗೆ ಬುದ್ಧಿ ಹೇಳವರು ಭಾಳ ಮಂದಿ. ಅಂಟಿಕೊಂಡು ಮೈಮ್ಯಾಲೆ ಠಸ್ಸೆ ಏಟು ತಿನ್ನೋದು ಖರೆ. ಆದ್ರ ಯಾರೋ ಮೊದಲ ರೊಕ್ಕ ಕೊಟ್ಟಿರತಾರ ಅಂತ ಅದು ಊರು ಮುಟ್ಟತದ ನೋಡ್ರಿ. ಅದನ್ನ ಯಾರೂ ಹೇಳೂದಿಲ್ಲ. ತಂಗೀದು ಗಟ್ಟಿತನಾ ಅಂತ ಎಲ್ಲಾರೂ ಹೊಗಳತಿದ್ರು, ಅಜ್ಜಿಯ ಮಜ್ಜಿಗಿ ರೊಕ್ಕದ ಸುದ್ದಿ ನಮಗ ಗೊತ್ತಾಗಿದ್ದು ಭಾಳ ತಡಾ.

1952ರಾಗ ಮೀರಾಬಾಯಿ ಟಿಕೇಟು ಬಂತು, 1977ರ ಅಕ್ಟೋಬರ್ 23ಕ್ಕ ನಮ್ಮ ಕಿತ್ತೂರ ಚೆನ್ನಮ್ಮಂದು. ಅಷ್ಟೊತ್ತಿಗೆ ಬಾರ್ಶಿ ಅಜ್ಜಿಯ ಮಕ್ಕಳು ಗಳಸಲಿಕ್ಕೆ ಹತ್ತಿದ್ರು, ಟಿಕೇಟಿಗೇನು ಕೊರತಿ ಇರಲಿಲ್ಲ. ಆದ್ರೂ ನಮ್ಮಜ್ಜಿ ಚೆನ್ನಮ್ಮಂದು ಹತ್ತು ತಗೊಂಡು ಉಂಡಿ ಡಬ್ಬ್ಯಾಗ ಹಾಕಿ ಕಳಿಸಿದಳು.