ಬ್ಲಫ್ ಅಂದರೆ ಬುರುಡೆ ಅಲ್ಲ

ಸತ್ತೇಗಾಲ ಹ್ಯಾಂಡ್‌ಪೋಸ್ಟ್‌ನಲ್ಲಿ ಬಸ್ಸಿಗೆ ಕಾಯುತ್ತಿರುವ ಯಾರನ್ನಾದರೂ ‘ಎಲ್ಲಿಗಣ್ಣ?’ ಅಂತ ಕೇಳಿ. ‘ಬ್ಲಫ್‌ಗೆ’ ಅಂದರೆ ನಮ್ಮ ಕಡೆಯವರಿಗೆ ಏನೂ ಅನ್ನಿಸುವುದಿಲ್ಲ. ಹೊರಗಿನಿಂದ ಬಂದವರು ಮಾತ್ರ ನಗುತ್ತಾರೆ. ‘ಅದೇನ್ರೀ, ಊರಿನ ಹೆಸರೇ ಸುಳ್ಳಾ?’ ಅನ್ನುತ್ತಾರೆ.

ಅವರ ನಗುವಿಗೂ ಕಾರಣವಿದೆ. ಕನ್ನಡದಲ್ಲಿ ನಾವೆಲ್ಲ ಬ್ಲಫ್ ಅನ್ನುವುದು ಬುರುಡೆ ಬಿಡುವುದಕ್ಕೆ, ರೈಲು ಬಿಡುವುದಕ್ಕೆ. ಕಾವೇರಿ ದಾಟಿದರೆ ಸಿಗುವ ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದ ವಿದ್ಯುತ್ ಕೇಂದ್ರದ ಜಾಗಕ್ಕೂ ಅದೇ ಹೆಸರು. ಹಾಗಾದರೆ ಅಲ್ಲಿ ಯಾರು ಯಾರಿಗೆ ಬುರುಡೆ ಬಿಟ್ಟರು?

ಇಂಗ್ಲಿಷ್ ನಿಘಂಟು ತೆಗೆದು ನೋಡಿದೆವು. ಬ್ಲಫ್ ಅಂದರೆ ಹೊಳೆಯ ಅಥವಾ ಕಡಲಿನ ದಂಡೆಯಲ್ಲಿ ಗೋಡೆಯ ಹಾಗೆ ನೆಟ್ಟಗೆ ನಿಂತ, ಅಗಲ ಮುಖದ ಕಡಿದಾದ ದಿಬ್ಬ. ಗಗನಚುಕ್ಕಿಯ ಬದಿಯ ದಂಡೆಯನ್ನು ನೋಡಿದವರಿಗೆ ಈ ಅರ್ಥವನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಹೆಸರು ಸುಳ್ಳಲ್ಲ, ಕಣ್ಣಿಗೆ ಕಾಣುವ ನೆಲದ ಆಕಾರ.

ಇದೇ ಅರ್ಥ ಇಂಗ್ಲಿಷಿನಲ್ಲಿ ಮನುಷ್ಯರ ಗುಣಕ್ಕೂ ಹತ್ತಿಕೊಂಡಿತು. ಒಳಗೊಂದು ಹೊರಗೊಂದು ಇಟ್ಟುಕೊಳ್ಳದೆ ಮುಖಕ್ಕೆ ಹೊಡೆದ ಹಾಗೆ ಮಾತಾಡುವ, ಆದರೆ ಮನಸ್ಸು ಒಳ್ಳೆಯದಿರುವ ಒರಟನನ್ನು ‘ಬ್ಲಫ್ ಮನುಷ್ಯ’ ಅನ್ನುತ್ತಾರೆ. ಅಂದರೆ ನೇರ ನಡೆಯವನು.

ಮೋಸದ ಬ್ಲಫ್ ಬಂದದ್ದು ಬೇರೆ ದಾರಿಯಲ್ಲಿ. ಅಮೆರಿಕದಲ್ಲಿ 19ನೇ ಶತಮಾನದಲ್ಲಿ ಪೋಕರ್ ಎಂಬ ಇಸ್ಪೀಟಾಟದಿಂದ ಅದು ಹಬ್ಬಿತು. ಕೈಯಲ್ಲಿ ಎಲೆ ಚೆನ್ನಾಗಿಲ್ಲದಿದ್ದರೂ ಪಣ ಏರಿಸಿ ಎದುರಿನವನನ್ನು ಹೆದರಿಸುವುದೇ ಬ್ಲಫ್. ಮೂರೆಲೆ ಆಡಿದವರಿಗೆ ಇದು ಗೊತ್ತೇ ಇರುತ್ತದೆ. ಹೀಗೆ ಒಂದೇ ಪದಕ್ಕೆ ನೇರವಾದವನು ಎಂಬ ಅರ್ಥವೂ ಇದೆ, ಮೋಸಗಾರಿಕೆ ಎಂಬ ಅರ್ಥವೂ ಇದೆ. ನಮ್ಮ ನಾಲಿಗೆಗೆ ಉಳಿದದ್ದು ಎರಡನೆಯದು.

ನಮ್ಮ ಬ್ಲಫ್‌ನ ಬೆಲೆ ಇರುವುದು ಆ ಕಡಿದಾದ ಇಳಿಜಾರಿನಲ್ಲೇ. ಜಲಪಾತದ ಮೇಲ್ಗಡೆಯೇ ಹೊಳೆಯ ನೀರನ್ನು ಕಾಲುವೆಗೆ ತಿರುಗಿಸಿ, ದಿಬ್ಬದ ಅಂಚಿನಿಂದ ದಪ್ಪ ಪೈಪುಗಳಲ್ಲಿ ಕೆಳಕ್ಕೆ ಬೀಳಿಸುತ್ತಾರೆ. ಆ ರಭಸಕ್ಕೆ ಕೆಳಗಿನ ಯಂತ್ರ ತಿರುಗುತ್ತದೆ. ದಿಬ್ಬ ಇಲ್ಲದಿದ್ದರೆ ಬೀಳುವ ನೀರಿಲ್ಲ, ಕರೆಂಟೂ ಇಲ್ಲ.

ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನ ಈ ಕೆಲಸ ಕೈಗೆತ್ತಿಕೊಂಡಿತು. ಯೋಜನೆ ರೂಪಿಸಿದವರು ಎಂಜಿನಿಯರ್ ಜೋಲಿ ಡಿ ಲೊಟ್‌ಬಿನಿಯರ್. ವಿದ್ಯುತ್ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬಂದವು. ಶೇಷಾದ್ರಿ ಅಯ್ಯರ್ 1901ರಲ್ಲಿ ತೀರಿಕೊಂಡರು. ಮರುವರ್ಷ, 1902ರ ಜೂನ್ 30ರಂದು, ಇಲ್ಲಿನ ಕರೆಂಟು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಬೆಂಗಳೂರಿಗೆ ದೀಪ ಬಂದದ್ದು 1905ರ ಆಗಸ್ಟ್ 5ರಂದು, ಮೈಸೂರಿಗೆ 1908ರಲ್ಲಿ.

ಇಲ್ಲಿ ನಾವು ಒಂದು ತಪ್ಪು ಒಪ್ಪಿಕೊಳ್ಳಬೇಕು. ‘ಏಷ್ಯಾದಲ್ಲೇ ಮೊದಲ ಜಲವಿದ್ಯುತ್ ಕೇಂದ್ರ’ ಅಂತ ಶಿವನಸಮುದ್ರದ ಬಗ್ಗೆ ಎಲ್ಲರೂ ಹೇಳುತ್ತಾರೆ. ಯಾರನ್ನೂ ಕೇಳದೆ, ಏನನ್ನೂ ನೋಡದೆ ನಾವೂ ಒಮ್ಮೆ ಹಾಗೇ ಬರೆದು ಕಳಿಸಿದ್ದೆವು. ಅದು ನಿಜವಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರ ನವೆಂಬರ್‌ನಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು. ‘ಜಗತ್ತಿನಲ್ಲೇ ಅತಿ ಉದ್ದದ ಲೈನು’ ಅನ್ನುವ ಮಾತೂ ನಿಲ್ಲುವುದಿಲ್ಲ. 1901ರಲ್ಲೇ ಕ್ಯಾಲಿಫೋರ್ನಿಯಾದಲ್ಲಿ ಇದಕ್ಕಿಂತ ಉದ್ದದ ಲೈನು ಎಳೆದಿದ್ದರು. ಬ್ಲಫ್ ಬಗ್ಗೆ ಬರೆಯುತ್ತ ನಾವೇ ಬ್ಲಫ್ ಮಾಡಿದ್ದೆವು.

ನಿಜ ಹೇಳಿದರೆ ಊರಿನ ಹೆಮ್ಮೆ ಕಡಿಮೆಯಾಗುತ್ತದಾ? ಇಲ್ಲ. ಸಿದ್ರಾಪೊಂಗ್‌ನದು 130 ಕಿಲೋವ್ಯಾಟ್‌ನ ಸಣ್ಣ ಕೇಂದ್ರ, ಡಾರ್ಜಿಲಿಂಗ್ ಊರಿನ ದೀಪಕ್ಕೆ ಕಟ್ಟಿದ್ದು. ಶಿವನಸಮುದ್ರ ಶುರುವಾದಾಗಲೇ 720 ಕಿಲೋವ್ಯಾಟ್‌ನ 6 ಯಂತ್ರಗಳಿದ್ದವು. ಅಷ್ಟು ಕರೆಂಟನ್ನು ಅಷ್ಟು ದೂರ ಕಳಿಸಿ ಗಣಿ ನಡೆಸಿದ್ದು ಆ ಕಾಲಕ್ಕೆ ಸಣ್ಣ ಸಾಹಸವಲ್ಲ. ಇವತ್ತು 42 ಮೆಗಾವ್ಯಾಟ್ ಸಾಮರ್ಥ್ಯದೊಂದಿಗೆ ಆ ಕೇಂದ್ರ ಶೇಷಾದ್ರಿ ಅಯ್ಯರ್ ಹೆಸರಿನಲ್ಲಿ ಇನ್ನೂ ನಡೆಯುತ್ತಿದೆ. ಇಷ್ಟು ನಿಜ ಕೈಯಲ್ಲಿರುವಾಗ ಬುರುಡೆ ಯಾಕೆ ಬೇಕು?

ಬುರುಡೆ ಹೆಚ್ಚಾದರೆ ಇನ್ನೊಂದು ನಷ್ಟವಿದೆ. ಕೇಳಬೇಕಾದ ಪ್ರಶ್ನೆ ಮರೆತುಹೋಗುತ್ತದೆ. ‘ಮೊದಲು ನಮ್ಮಲ್ಲೇ’ ಅನ್ನುವ ಸಂಭ್ರಮದಲ್ಲಿ ‘ಮೊದಲು ಯಾರಿಗೆ?’ ಅಂತ ಯಾರೂ ಕೇಳುವುದಿಲ್ಲ. ಮೊದಲು ಗಣಿಗೆ, ಆಮೇಲೆ ಪಟ್ಟಣಗಳಿಗೆ. ಹೊಳೆಯ ಈಚೆ ದಡದ ಕೊಳ್ಳೇಗಾಲವಂತೂ ಆಗ ಮೈಸೂರಿಗೇ ಸೇರಿರಲಿಲ್ಲ. 1956ರವರೆಗೆ ಅದು ಮದ್ರಾಸಿನ ಕೊಯಮತ್ತೂರು ಜಿಲ್ಲೆಯ ತಾಲ್ಲೂಕು. ನಾಡಿನ ಹಳ್ಳಿಗಳಲ್ಲಿ ಬಲ್ಬು ಹತ್ತಿದ್ದು ಹೆಚ್ಚಾಗಿ ಸ್ವಾತಂತ್ರ್ಯ ಬಂದ ಮೇಲೆ. ದೀಪದ ಬುಡದಲ್ಲೇ ಕತ್ತಲೆ ಅನ್ನುವ ಗಾದೆಗೆ ಬೇರೆ ಉದಾಹರಣೆ ಹುಡುಕಬೇಕಿಲ್ಲ.

ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಕೇಳಿ ನೋಡಿ, ನಮ್ಮೂರಿಗೆ ಕರೆಂಟು ಬಂದದ್ದು ಯಾವಾಗ, ಮೊದಲ ಬಲ್ಬು ಹತ್ತಿದ್ದು ಯಾರ ಮನೆಯಲ್ಲಿ ಅಂತ. ಅವರು ಹೇಳಿದ್ದನ್ನು ಬರೆದಿಡಿ. ಬೋರ್ಡಿನ ಮೇಲೆ ಬರೆಯದ ಚರಿತ್ರೆ ಅದು.

ಹ್ಯಾಂಡ್‌ಪೋಸ್ಟ್ ಅಂದರೂ ಇಂಗ್ಲಿಷೇ. ದಾರಿ ತೋರಿಸಲು ಕೈಯ ಗುರುತು ಇಟ್ಟ ಕಂಬ ಅಂತ ಅದರ ಅರ್ಥ. ಬರೆಯುವವರ ಕೆಲಸವೂ ಅದೇ. ದಾರಿ ತಪ್ಪಿ ತೋರಿಸಿದ್ದರೆ ತಿರುಗಿಸಿ ಸರಿಯಾಗಿ ನಿಲ್ಲಿಸಬೇಕು. ಅದಕ್ಕೇ ಇದನ್ನು ಬರೆದೆವು.