ಬಹುರೂಪಿ ಗಡ್ಡೆ: ಒಂದು ಹೆಸರಿನ ಇತಿಹಾಸ

ಮೆದುಳಿನ ಅತ್ಯುಗ್ರವಾದ ಮಾರಕ ಗಡ್ಡೆಯೊಂದಕ್ಕೆ ಅಮೆರಿಕದ ವೈದ್ಯರಾದ ಪರ್ಸಿವಲ್ ಬೈಲಿ ಮತ್ತು ಹಾರ್ವೆ ಕುಷಿಂಗರು 1926ರಲ್ಲಿ 'ಗ್ಲಿಯೋಬ್ಲಾಸ್ಟೋಮಾ ಮಲ್ಟಿಫಾರ್ಮೆ' ಎಂದು ಹೆಸರಿಟ್ಟರು. ಮಲ್ಟಿಫಾರ್ಮೆ ಎಂದರೆ ಬಹುರೂಪಿ. ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಕಿರಿಯ, ನೀಳವಾದ, ಹಲವು ಕೇಂದ್ರಗಳುಳ್ಳ ದೈತ್ಯಕೋಶಗಳು ಒಂದೇ ಗಡ್ಡೆಯಲ್ಲಿ ಬೆರೆತಿದ್ದುದೇ ಇದಕ್ಕೆ ಕಾರಣ. ಆದರೆ ಅವರ ವರ್ಗೀಕರಣದ ತಳಹದಿಯೇ ಬೇರೆ: ಬೆಳೆಯುತ್ತಿರುವ ಮೆದುಳಿನ ಯಾವ ಹಂತದ ಕೋಶವನ್ನು ಗಡ್ಡೆ ಹೋಲುವುದೆಂದು ಅರಿತರೆ ರೋಗಿಯ ಆಯುಷ್ಯವನ್ನು ಅಂದಾಜಿಸಬಹುದೆಂದು ಅವರು ಬಗೆದರು. ಹೆಸರು ಒಪ್ಪಿಕೊಂಡ ಬಹುತ್ವವನ್ನು ಸಿದ್ಧಾಂತವು ಒಳಗೊಳ್ಳಲಿಲ್ಲವೆಂದೇ ನಮಗೆ ತೋರುತ್ತದೆ. 2014ರಲ್ಲಿ ಐದು ಗಡ್ಡೆಗಳಿಂದ ಆಯ್ದ 430 ಕೋಶಗಳ ಆರ್‌ಎನ್‌ಎಯನ್ನು ಪ್ರತ್ಯೇಕವಾಗಿ ಪರೀಕ್ಷಿಸಿದಾಗ, ಬೇರೆ ಬೇರೆ ಉಪವರ್ಗಗಳವೆಂದು ಎಣಿಸಿದ್ದ ಕೋಶಗಳು ಒಂದೇ ಗಡ್ಡೆಯಲ್ಲಿ ಕೂಡಿಯೇ ಇದ್ದುದು ಕಂಡುಬಂದಿತು. ಒಂದು ಬಗೆಯ ಕೋಶವನ್ನು ಗುರಿಯಾಗಿಟ್ಟ ಔಷಧದಿಂದ ಮಿಕ್ಕವು ತಪ್ಪಿಸಿಕೊಂಡು ಗಡ್ಡೆಯನ್ನು ಮತ್ತೆ ಬೆಳೆಸಬಲ್ಲವು.